ಊಜಿ ಬಲೆಯಲ್ಲಿ ಬೆಳ್ಳಕ್ಕಿ

ಕೋಡಿಹಳ್ಳಿ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಕೆರೆ ಏರಿಯ ಮೇಲೆ ಒಂದು ಬೆಳ್ಳಕ್ಕಿ ಒಂದೇ ರೆಕ್ಕೆ ಬಡಿಯುತ್ತಿರುವುದು ಕಂಡಿತು. ಯಾರೋ ಮೀನು ಹಿಡಿಯುವವರು ಕಡಿದು ಬಿಸಾಕಿದ ಗಾಳದ ದಾರ ಅದರ ಇನ್ನೊಂದು ರೆಕ್ಕೆಯನ್ನು ಕಾಲಿಗೆ ಸೇರಿಸಿ ಬಿಗಿದಿತ್ತು. ನನಗೆ ಮೊದಲು ಚಿಂತೆಯಾದದ್ದು ಹಕ್ಕಿಯದಲ್ಲ, ನನ್ನ ಕಣ್ಣಿನದು. ಕೊಕ್ಕು ಅಷ್ಟು ಉದ್ದವಿತ್ತು. ಹೆಲ್ಮೆಟ್ ತೆಗೆಯದೆ, ಅದರ ಗಾಜನ್ನೂ ಇಳಿಸಿಕೊಂಡು ಹತ್ತಿರ ಹೋದೆ.

ಅಲ್ಲೇ ಗಾಳ ಹಾಕಿ ಕೂತಿದ್ದ ಪಕ್ಕದ ಮನೆಯ ಗೆಳೆಯ, "ಏನ್ಲಾ, ಕೊಕ್ಕರೆ ಹಿಡಿಯಕ್ಕೂ ಹೆಲ್ಮೆಟ್ ಕಂಪಲ್ಸರಿ ಮಾಡವ್ರಾ?" ಅಂದ.

"ನಿನ್ನ ದಾರಾನೇ ಕಣ್ಲಾ ಇದು."

"ನಂದು ಹಸ್ರು. ಇದು ಬಿಳೀದು," ಅಂದವನು, ಎದ್ದು ಬಂದು ತನ್ನ ಟವಲನ್ನು ಹಕ್ಕಿಯ ತಲೆಗೆ ಸುತ್ತಿದ. ಅವನ ಚಾಕುವಿನಿಂದ ದಾರ ಕೊಯ್ದೆವು. ತುಂಡುಗಳನ್ನು ಎಲ್ಲಿ ಎಸೆದರೂ ಇನ್ನೊಂದು ಹಕ್ಕಿಯ ಕಾಲಿಗೆ ಸಿಕ್ಕುತ್ತವೆಂದು ಹೆದರಿ ಅಷ್ಟನ್ನೂ ಜೇಬಿಗೆ ತುರುಕಿಕೊಂಡೆ. ಆದರೆ ರೆಕ್ಕೆ ಮರಗಟ್ಟಿತ್ತು, ಹಕ್ಕಿ ಹಾರಲಿಲ್ಲ. ಅಲ್ಲೇ ಬಿಟ್ಟರೆ ನಾಯಿ ಪಾಲಾಗುತ್ತದೆಂದು ಮನೆಗೆ ತಂದೆ.

ಬೆಕ್ಕು, ನಾಯಿ, ನೆಂಟರು ಯಾರೂ ನುಗ್ಗದ ಜಾಗವೆಂದರೆ ನಮ್ಮ ರೇಷ್ಮೆ ಹುಳುವಿನ ಮನೆ. ಒಂದು ಬೆಳೆ ಮುಗಿದು ಆಗ ಖಾಲಿಯಿತ್ತು. ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ಬರದಿರಲೆಂದು ಕಿಟಕಿಗಳಿಗೆಲ್ಲ ನೈಲಾನ್ ಬಲೆ ಕಟ್ಟಿದ್ದೆವು. ಹುಳುವಿಗೆ ರೋಗ ತಾಗುತ್ತದೆಂದು, ಕಾಲು ತೊಳೆಯದೆ ಆ ಮನೆಯೊಳಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ಕಾಲು ತೊಳೆದುಕೊಂಡೆ. ಅಭ್ಯಾಸಬಲ, ಹಕ್ಕಿಯ ಕಾಲನ್ನೂ ತೊಳೆದೆ.

ಚೊಂಬಿನಿಂದ ನೀರು ಹಾಕುತ್ತಿದ್ದ ಹೆಂಡತಿ, "ಅರಿಶಿನ ಕುಂಕುಮಾನೂ ತರ್ಲಾ?" ಎಂದು ಕೇಳಿದಳು.

ಅದನ್ನು ಒಳಗೆ ಬಿಟ್ಟು ಬಂದು, ಬೆಳ್ಳಕ್ಕಿಗೆ ಅನ್ನ ಸೇರುತ್ತದೋ ಮುದ್ದೆಯೋ ಎಂದು ಯೋಚಿಸುತ್ತ ಕಾಫಿ ಕುಡಿಯುತ್ತಿದ್ದೆ. ಹುಳುವಿನ ಮನೆಯಲ್ಲಿ ಪಟಪಟ ಸದ್ದಾಯಿತು. ಇಬ್ಬರೂ ಓಡಿದೆವು. ರೆಕ್ಕೆ ಸರಿಹೋಗಿ, ಬೆಳಕು ಕಂಡ ಕಡೆ ಹಾರಿದ ಹಕ್ಕಿ ಊಜಿ ಬಲೆಯ ಒಂದು ಹರುಕಿನಲ್ಲಿ ಕತ್ತು ತೂರಿಸಿ ನೇತಾಡುತ್ತಿತ್ತು.

"ದಾರ ಬಿಡ್ಸಿ ತಂದು ಬಲೆ ಮನೇಗೇ ಹಾಕ್ಬುಟ್ರಲ್ರೀ," ಅಂದಳು ಹೆಂಡತಿ.

ಬಲೆ ಬಿಗಿದು ಅದರ ಕೊಕ್ಕು ತೆರೆದುಕೊಂಡಿತ್ತು. ಕತ್ತರಿ ಎಲ್ಲಿದೆ, ಬಲೆ ಕತ್ತರಿಸಿದರೆ ಮುಂದಿನ ಬೆಳೆಗೆ ನೊಣ ನುಗ್ಗುವುದಿಲ್ಲವೇ ಎಂದು ನಾನು ಲೆಕ್ಕ ಹಾಕುತ್ತ ನಿಂತಿರುವಾಗಲೇ ಅವಳು ಸೊಪ್ಪು ಕೊಯ್ಯುವ ಕುಡುಗೋಲಿನಿಂದ ಬಲೆಯನ್ನು ಮೇಲಿಂದ ಕೆಳಕ್ಕೆ ಸೀಳಿದಳು. ಬೆಳ್ಳಕ್ಕಿ ಹೊರಗೆ ಬಿತ್ತು. ಹಿಪ್ಪುನೇರಳೆ ಸಾಲಿನಲ್ಲಿ ಒಂದಷ್ಟು ದೂರ ಕುಂಟಿ, ಎದ್ದು, ಮತ್ತೆ ಆ ಕೆರೆಯ ಕಡೆಗೇ ಹಾರಿಹೋಯಿತು.

ಅಲ್ಲಿ ಇನ್ನೆಷ್ಟು ದಾರ ಬಿದ್ದಿದೆಯೋ ಎಂದು ನಾನು ಚಿಂತೆ ಶುರುಮಾಡಿದೆ.

"ಮೊದ್ಲು ಜೇಬ್ನಾಗಿರೋದು ತೆಗೀರಿ," ಅಂದಳು. ಆ ದಾರದಲ್ಲೇ ಬಲೆಯನ್ನು ಹೊಲಿದಳು. ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ.

ಈಗ ಏರಿಯ ಮೇಲೆ ದಾರ ಕಂಡರೆ ಸ್ಕೂಟರ್ ನಿಲ್ಲಿಸಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಗೆಳೆಯ, "ಮನೇಲಿ ಇನ್ನೂ ಎಷ್ಟ್ ಹರ್ದೈತ್ಲಾ?" ಎಂದು ಕೇಳುತ್ತಾನೆ. ಕೇಳಿ, ತನ್ನ ಹಸಿರು ದಾರದ ತುಂಡುಗಳನ್ನೂ ಉಂಡೆ ಮಾಡಿ ನನ್ನ ಕೈಗೆ ಹಾಕುತ್ತಾನೆ.