ಐದನೆಯ ಯಾಕೆ

ಹೊಸ ಹುಡುಗಿ ಆ ಸಾಫ್ಟ್‌ವೇರ್ ಕಂಪನಿಗೆ ಸೇರಿದ ದಿನ ಅವಳನ್ನು ಮೊದಲು ಮಾತನಾಡಿಸಿದವರು ಯಾಕಕ್ಕ. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಆ ನಡುವಯಸ್ಸಿನವರು ಒದ್ದೆ ಬಟ್ಟೆ ಹಿಡಿದು ಗೋಡೆಯ ಫಲಕವೊಂದನ್ನು ಒರೆಸುತ್ತಿದ್ದರು. ಸ್ವಚ್ಛತೆಯ ಕೆಲಸದವರಿರಬೇಕು ಎಂದುಕೊಂಡಳು ಹುಡುಗಿ. ಅಲ್ಲ, ಗಿರಾಕಿಗಳ ಕೈಗೆ ಹೋಗುವ ಮೊದಲು ಪ್ರತಿಯೊಂದು ಕೆಲಸವನ್ನೂ ಪರೀಕ್ಷಿಸುವವರು ಅವರು.

"ಬ್ಯಾಗ್ ಯಾಕಮ್ಮಾ ತೊಡೆ ಮೇಲೆ?"

"ಬಸ್ಸಲ್ಲಿ ಹಾಗೇ ಕೂತು ಅಭ್ಯಾಸ, ಮೇಡಂ."

"ಕೆಳಗಿಡು. ಇಲ್ಲಿ ನಾವಾಗಿ ಇಳಿಯಲ್ಲ, ಕಂಪನಿಯವರೇ ಇಳಿಸ್ತಾರೆ."

ಫಲಕದಲ್ಲಿದ್ದದ್ದು ಕಂಪನಿಯ ತತ್ವಗಳು. ಮೂರನೆಯದು ಹೀಗಿತ್ತು: 'ತಪ್ಪಾದಾಗ ಯಾರು ಎಂದು ಕೇಳಬೇಡಿ, ಐದು ಸಲ ಯಾಕೆ ಎಂದು ಕೇಳಿ.' ನಿರ್ದೇಶಕರು ಸ್ವತಃ ಬರೆದದ್ದು. ಇಡೀ ಕಚೇರಿಯಲ್ಲಿ ಅದನ್ನು ನಂಬಿದವರು ಯಾಕಕ್ಕ ಒಬ್ಬರೇ. ಅಡ್ಡಹೆಸರು ಅಂಟಿದ್ದೂ ಅದರಿಂದಲೇ.

ಕೆಲಸ ಕಾಯಂ ಆಗಲು ಒಂದೇ ವಾರ ಇದ್ದಾಗ ಹುಡುಗಿ ಎಡವಿದಳು. ಕಂಪನಿಯದು ಪಾರ್ಸೆಲ್ ತಲುಪಿಸುವವರಿಗೆ ಬೇಕಾದ ಸಾಫ್ಟ್‌ವೇರ್. ಪರೀಕ್ಷೆಗೆಂದು ಪಾರ್ಸೆಲ್ ಪಡೆಯುವ ಎಲ್ಲರ ವಿಳಾಸದ ಜಾಗದಲ್ಲೂ ಕಚೇರಿಯ ವಿಳಾಸ ತುಂಬಿ ಗುಂಡಿ ಒತ್ತಿದಳು. ಒತ್ತಿದ್ದು ಪರೀಕ್ಷೆಯದರಲ್ಲಲ್ಲ, ನಿಜವಾದ ವ್ಯವಸ್ಥೆಯಲ್ಲಿ. ಮರುದಿನ ಬೆಳಿಗ್ಗೆ ಇನ್ನೂರು ಪಾರ್ಸೆಲ್ಲು ಬಾಗಿಲಿಗೆ ಬಂದು ಬಿದ್ದವು. ನಿರ್ದೇಶಕರು ಯಾರದೋ ಹಾಸಿಗೆಯನ್ನು ದಾಟಿಕೊಂಡು ಒಳಗೆ ಬರಬೇಕಾಯಿತು.

ಸಭೆ ಸೇರಿತು. ನಿರ್ದೇಶಕರೂ ಕೂತಿದ್ದರು.

"ಪಾರ್ಸೆಲ್ ಇಲ್ಲಿಗೆ ಯಾಕೆ ಬಂದ್ವು?" ಯಾಕಕ್ಕ ಶುರು ಮಾಡಿದರು.

"ವಿಳಾಸ ಬದಲಾಯ್ತು," ಎಂದಳು ಹುಡುಗಿ.

"ಯಾಕೆ?"

"ಪರೀಕ್ಷೆ ಪರದೆ ಅಂದ್ಕೊಂಡು ಒತ್ತಿಬಿಟ್ಟೆ."

"ಸರಿ, ಗೊತ್ತಾಯ್ತಲ್ಲ, ಮುಗೀತು," ಎಂದು ತಂಡದ ಮುಖ್ಯಸ್ಥ ಎದ್ದ.

"ಕೂತ್ಕೊಳಪ್ಪಾ, ಎರಡೇ ಆಗಿರೋದು. ಹಾಗೆ ಅಂದ್ಕೊಂಡಿದ್ದು ಯಾಕೆ?"

"ಎರಡು ಪರದೇನೂ ಒಂದೇ ಥರ ಕಾಣ್ತವೆ, ಮೇಡಂ."

"ಯಾಕೆ?"

ಈಗ ಬಾಯಿ ಬಿಡಬೇಕಾದವನು ಮುಖ್ಯಸ್ಥ. "ನಿಜವಾದದ್ದಕ್ಕೆ ಮೇಲೊಂದು ಕೆಂಪು ಪಟ್ಟಿ ಇತ್ತು. ತೆಗೆಸಿದ್ರು."

"ಯಾಕೆ?"

ಮುಖ್ಯಸ್ಥ ನಿರ್ದೇಶಕರ ಕಡೆ ತಿರುಗಿದ. ಅವರು ಕೆಮ್ಮಿದರು. "ಕೆಂಪು ನನ್ನ ಕಣ್ಣಿಗೆ ಹೊಡೀತಿತ್ತು."

ಯಾಕಕ್ಕ ಅದನ್ನು ಹಾಗೆಯೇ ವರದಿಯಲ್ಲಿ ಬರೆದರು. ಹುಡುಗಿಯ ಕೆಲಸ ಕಾಯಂ ಆಯಿತು. ಅವಳನ್ನು ಕಳಿಸುವುದಾದರೆ ಇನ್ನೊಬ್ಬರನ್ನೂ ಕಳಿಸಬೇಕಾಗುತ್ತಿತ್ತು. ಪಟ್ಟಿ ಮರಳಿ ಬಂತು, ತೆಳು ಗುಲಾಬಿ ಬಣ್ಣದಲ್ಲಿ. ಫಲಕದಲ್ಲಿ 'ಐದು ಸಲ' ಹೋಗಿ 'ಎರಡು ಸಲ' ಆಯಿತು. ಅದನ್ನು ಈಗ ಹುಡುಗಿ ಒರೆಸುತ್ತಾಳೆ.

ಯಾಕಕ್ಕನಿಗೆ ಈಗ ಪರೀಕ್ಷಿಸುವ ಕೆಲಸವಿಲ್ಲ; ಅದೇ ಕಂಪನಿಯಲ್ಲಿ ಹೊಸದಾಗಿ ಸೇರಿದವರಿಗೆ ತತ್ವಗಳನ್ನು ಕಲಿಸುತ್ತಾರೆ.