ಹತ್ತಿಕಾಯಿ ತೋಳು

ನಮ್ಮಕ್ಕ ನೀಲವ್ವ ಎದುರಿಗೆ ಬಂದವರ ಮುಖ ಮೊದಲು ನೋಡುತ್ತಿರಲಿಲ್ಲ, ಕುಬಸದ ತೋಳು ನೋಡುತ್ತಿದ್ದಳು. ಸುರಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಬಜಾರಕ್ಕೆ ಹೋಗುವ ಹೆಂಗಸರ ಕುಬಸ ಕಂಡೇ ಅದನ್ನು ಹೊಲಿದವರು ಯಾರೆಂದು ಹೇಳುತ್ತಿದ್ದಳು. “ಅಕಿ ಬೆನ್ನ ನೋಡಬೇ, ಎತ್ತಿಗಿ ಜೂಲ ಹೊದಿಸಿದಂಗ ಹೊಲದಾನ ಯಾವನೋ,” ಎಂದು ನಗುತ್ತಿದ್ದಳು. ಸೂಜಿ ಇಲ್ಲದಾಗಲೂ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಸೆರಗಿನ ಅಂಚನ್ನು ಮಡಿಚುವುದು, ಬಿಚ್ಚುವುದು, ಮತ್ತೆ ಮಡಿಚುವುದು.

ಅವಳಿಗೆ ಇಬ್ಬರು ಗುರುಗಳು, ಇಬ್ಬರನ್ನೂ ಅವಳು ಕಂಡಿರಲಿಲ್ಲ, ಅವರು ಹೊಲಿದದ್ದನ್ನಷ್ಟೇ ಕಂಡಿದ್ದಳು. ಒಬ್ಬ ಯಾದಗಿರಿ ಸ್ಟೇಷನ್ ರಸ್ತೆಯ ದರ್ಜಿ ಇಮಾಮಸಾಬ, ಇನ್ನೊಬ್ಬ ಶಹಾಪುರದ ತಿಪ್ಪಣ್ಣ. ಯಾರು ಹೊಗಳಿದರೂ ಒಂದೇ ಮಾತು: “ತೋಳ ಇಮಾಮಸಾಬಂದು, ಕೊರಳ ತಿಪ್ಪಣ್ಣಂದು, ನಂದು ಬರೇ ಹೊಲಗಿ.”

ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳು ಹೊಲಿದ ಕುಬಸ ಮದುವೆಗೆ ಹೋಗುತ್ತಿತ್ತು, ಅವಳು ಹೋಗುವಂತಿರಲಿಲ್ಲ. ಅದಕ್ಕೇ ನನ್ನನ್ನು ಕಳಿಸುತ್ತಿದ್ದಳು. ನನಗಾಗ ಹದಿನೈದು. ಮೂರನೆಯ ಜಮಾತಿಗೇ ಸಾಲಿ ಬಿಟ್ಟ ನನಗೆ ಮದುವೆಗಳೇ ಪರೀಕ್ಷೆ. ತೋಳು ಎಷ್ಟುದ್ದ, ನಿರಿಗೆ ಎಷ್ಟು, ಅಂಚು ಯಾವ ಕಡೆ, ಎಲ್ಲ ಬಂದು ಒಪ್ಪಿಸಬೇಕು.

ರಜಾಕಾರರ ಗಲಾಟೆಯಲ್ಲಿ ನಿಂತ ಮದುವೆಗಳೆಲ್ಲ ಪೊಲೀಸ್ ಆಕ್ಷನ್ ಆದ ಮರುಬೇಸಿಗೆಗೆ ಒಟ್ಟಿಗೇ ಬಂದವು. ಊರು ಬಿಟ್ಟು ಸೊಲ್ಲಾಪುರದ ಕಡೆ ಹೋಗಿದ್ದವರು ಉಬ್ಬಿದ ಪುಗ್ಗಾ ತೋಳು, ಗುಂಡಿ ತೋಳು ಎಂದು ಹೊಸ ಹೊಸದು ತೊಟ್ಟು ತಿರುಗಿ ಬಂದಿದ್ದರು. ಅಕ್ಕನಿಗೆ ಕೂತಲ್ಲಿ ಕೂರಲಾಗದು. “ಜಗತ್ತ ಓಡಾಕತ್ತದ, ನಾ ಕಟ್ಟಿ ಮ್ಯಾಲ ಕುಂತೀನಿ,” ಎನ್ನುತ್ತಿದ್ದಳು.

ದೇವಾಪುರದವರು ಯಾದಗಿರಿ ಕಡೆಯ ರಾಮಸಮುದ್ರದ ಹುಡುಗಿಯನ್ನು ತಂದುಕೊಂಡರು. ಮದುಮಗಳ ಕುಬಸ ಇಮಾಮಸಾಬನದೇ ಎಂದು ಸುದ್ದಿ ಬಂತು. ಅಕ್ಕ ನನ್ನ ತಲೆ ಬಾಚಿ ಕಳಿಸುತ್ತ, “ಬ್ಯಾರೆ ಏನೂ ನೋಡಬ್ಯಾಡ, ತೋಳ ನೋಡು,” ಎಂದಳು.

ಬೀಗರು ಗ್ರಾಮಫೋನು ತಂದಿದ್ದರು. ನಾನು ಇಡೀ ದಿನ ಅದರ ಮುಂದೆ ಕೂತೆ. ನೆನಪಾಗಿ ಎದ್ದಾಗ ಮದುಮಗಳಿಗೆ ಶಾಲು ಹೊದಿಸಿ ಒಳಗೆ ಕೂಡಿಸಿದ್ದರು, ತೋಳು ಕಾಣಲೇ ಇಲ್ಲ.

ಮನೆಗೆ ಬಂದರೆ ಅಕ್ಕ ದಾರ ಪೋಣಿಸಿದ ಸೂಜಿ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

“ಹೇಳಬೇ ಮಲ್ಲಿ, ಹೆಂಗಿತ್ತು?”

ಒಲೆಗೆಂದು ಅಂಗಳದಲ್ಲಿ ಒಟ್ಟಿದ ಹತ್ತಿಕಟ್ಟಿಗೆಯಲ್ಲಿ ಒಂದು ಒಣಕಾಯಿ ಬಾಯಿ ಬಿಟ್ಟಿತ್ತು.

“ಹತ್ತಿಕಾಯಿ ಒಡದಂಗ ಇತ್ತಕ್ಕಾ.”

“ಅಂದ್ರ? ತೋಳ ಸೀಳ್ಯಾನೇನು?”

“ಹೂಂ.”

“ಒಳಗ ಬಿಳಿ ಅರಿವಿ?”

“ಹೂಂ.”

“ನಾಕ ಸೀಳು?”

“ಹೂಂ.”

“ಎಂಥಾ ತಲಿ ಅದ ಆ ಸಾಬಂದು!” ಎಂದು ಒಳಗೆ ಓಡಿದವಳು ಟ್ರಂಕಿನಿಂದ ತನ್ನ ಮದುವೆಯ ಕೆಂಪು ಕುಬಸ ತೆಗೆದಳು. ಕತ್ತರಿಸಿ ನೋಡಲು ಮನೆಯಲ್ಲಿ ಬೇರೆ ಬಟ್ಟೆ ಇರಲಿಲ್ಲ. ಕತ್ತರಿ ಇಟ್ಟಾಗ ನಾನು “ಅಕ್ಕಾ” ಎಂದೆ.

“ಏನ?”

“ಏನಿಲ್ಲ.”

ಬೇಸಿಗೆ ಮುಗಿಯುವುದರೊಳಗೆ ವನದುರ್ಗದಿಂದಲೂ ಹತ್ತಿಕಾಯಿ ತೋಳು ಬೇಕೆಂದು ಬಂದರು. ಮದುಮಗಳು ಕೈ ಎತ್ತಿದರೆ ನಾಲ್ಕು ಎಸಳು ಬಿಚ್ಚಿಕೊಂಡು ಒಳಗಿನ ಬಿಳುಪು ಇಣುಕುತ್ತಿತ್ತು. “ಏನ ಕೈಬೇ ನೀಲವ್ವ ನಿಂದು!” ಎಂದರೆ ಅಕ್ಕ, “ನಂದೇನದರಿ, ಇಮಾಮಸಾಬಂದು,” ಎನ್ನುತ್ತಿದ್ದಳು.

ಮಳೆ ಹಿಡಿಯುವ ಮುಂಚೆ ಅವಳು ಯಾದಗಿರಿಗೆ ಹೊರಟಳು. ಆ ತೋಳನ್ನು ಇಮಾಮಸಾಬನಿಗೆ ತೋರಿಸಿ, ಮಷಿನ್ ಕಲಿಸೆಂದು ಕೇಳುವುದು ಅವಳ ಆಸೆ. ಬುತ್ತಿಯೂ ಕಟ್ಟಿದ್ದಳು. ನಾನು ಹೆದರಿ, “ಅಂವ ದುಕಾನ ಮುಚ್ಚಿ ಹೈದ್ರಾಬಾದಿಗಿ ಹೋಗ್ಯಾನಂತ,” ಎಂದೆ. ಆ ದಿನಗಳಲ್ಲಿ ಯಾರು ಎಲ್ಲಿಗೆ ಹೋದರೆಂದರೂ ನಂಬುವಂತಿತ್ತು. ಅಕ್ಕ ಬುತ್ತಿ ಬಿಚ್ಚಿ ನನಗೇ ಬಡಿಸಿದಳು.

ನನ್ನನ್ನು ಯಾದಗಿರಿಗೇ ಕೊಟ್ಟರು. ಇಮಾಮಸಾಬ ಅಲ್ಲೇ ಇದ್ದ, ಬಾಯಿತುಂಬ ಎಲೆ ಹಾಕಿಕೊಂಡು ಮಷಿನ್ ತುಳಿಯುತ್ತಿದ್ದ. ಅವನು ಸಾಯುವವರೆಗೂ, ಅಕ್ಕ ನಮ್ಮ ಮನೆಗೆ ಬರುತ್ತೇನೆಂದಾಗಲೆಲ್ಲ ನಾನು ಏನಾದರೊಂದು ನೆವ ಹೇಳಿದೆ. ಅವಳು ಮಷಿನ್ ಮುಟ್ಟಲೇ ಇಲ್ಲ, ಕೈಹೊಲಿಗೆಯಲ್ಲೇ ಕಣ್ಣು ಸವೆಸಿದಳು. ಆ ತೋಳು ಬೇರೆ ಯಾರದೂ ಅಲ್ಲ, ಅವಳದು. ನಾನು ಹೂಂ ಎಂದದ್ದಷ್ಟೇ, ಕಂಡವಳು ಅವಳು. ಅದೊಂದು ಮಾತು ಅವಳಿಗೆ ಹೇಳಲು ನನಗೆ ನಲವತ್ತು ವರ್ಷ ಸಾಲಲಿಲ್ಲ.

ಹಾಸಿಗೆ ಹಿಡಿದಳೆಂದು ಕೇಳಿ, ಈ ಸಲ ಹೇಳಿಯೇಬಿಡುವುದೆಂದು ಹೋದೆ. ಕಣ್ಣು ಕಾಣದ ಅಕ್ಕ ನನ್ನ ತೋಳು ಸವರಿದಳು.

“ಯಾವಂವ ಹೊಲದಾನಬೇ ಇದನ್ನ? ಕಂಕುಳಾಗ ಬಿಗ್ಯಾಕತ್ತದ.”

ಖರೆಯೇ ಬಿಗಿಯುತ್ತಿತ್ತು.

“ಮಲ್ಲಿ, ಇಮಾಮಸಾಬ ಸಿಕ್ಕಿದ್ರ ಒಂದ ಮಾತ ಕೇಳತಿದ್ದೆ. ಹತ್ತಿಕಾಯಿ ಅವಗ ಹೆಂಗ ಹೊಳೀತು ಅಂತ.”

“ಅಕ್ಕಾ, ಅದು ನಮ್ಮ ಅಂಗಳದಾಗಿಂದು…”

“ಹತ್ತಿ ಎಲ್ಲಾರ ಅಂಗಳದಾಗೂ ಇರತದ ಹುಚ್ಚಿ. ನೋಡೂ ಕಣ್ಣ ಬೇಕಲ್ಲ? ಅದು ಅವಂದು. ಹೌದಿಲ್ಲೋ?”

ನನ್ನ ತೋಳು ಹಿಡಿದೇ ಇದ್ದಳು, ಉತ್ತರಕ್ಕೆ ಕಾಯುತ್ತ.

“ಹೂಂ,” ಎಂದೆ.

ಅಕ್ಕನಿಗೆ ನಾನು ಹೇಳಿದ ಕೊನೆಯ ಮಾತು ಅದೇ.