ಇಲ್ಲೊಂದು ಸುಕ್ಕು ಐತ್ರಿ

ನಮ್ಮ ಗುಳೇದಗುಡ್ಡದ ಓಣಿಯಲ್ಲಿ ವಿಮಾನ ಕಟ್ಟುವವರೆಂದರೆ ಮೀರಾಸಾಬರೊಬ್ಬರೇ. ಮಗ್ಗ ರಿಪೇರಿಯ ಕೆಲಸ ಬಿಟ್ಟ ಮೇಲೆ ತಾವೇ ಕೂತು ಹಾರುವಂಥ ಪುಟ್ಟ ವಿಮಾನದ ಬಿಡಿಭಾಗಗಳ ಪೆಟ್ಟಿಗೆ ತರಿಸಿ, ಖಾಲಿ ಬಿದ್ದ ಮಗ್ಗದ ಕೋಣೆಯಲ್ಲಿ ರೆಕ್ಕೆ ಜೋಡಿಸುತ್ತ ಕೂತಿದ್ದಾರೆ. ಒಳಗೆ ಬರುವವರು ಚಪ್ಪಲಿ ಬಿಡಬೇಕು, ಬಾಯಲ್ಲಿ ಎಲೆಅಡಿಕೆ ಇರಬಾರದು. ರೆಕ್ಕೆಗೆ ಹೊದಿಸಿದ ಬಟ್ಟೆ ಬಿಗಿಯಾಗಲು ಇಸ್ತ್ರಿ ಹೊಡೆಯಬೇಕು. ಹೀಗಾಗಿ ಮನೆಯ ಇಸ್ತ್ರಿಪೆಟ್ಟಿಗೆ ರೆಕ್ಕೆಯ ಪಾಲಾಗಿ, ಸಾಬರ ಅಂಗಿ ಸದಾ ಮುದುಡಿಯೇ ಇರುತ್ತದೆ. ನೋಡಲು ಬಂದ ನೇಕಾರರು ಹಾರಾಟದ ಮಾತನ್ನೇ ಎತ್ತದೆ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ, "ನೇಯ್ಗಿ ಚಲೋ ಐತಿ, ಆದ್ರ ದಡಿನ ಇಲ್ಲಲ್ರಿ" ಎಂದು ಸೀರೆಗಿರುವಂಥ ಅಂಚಿಲ್ಲದ್ದಕ್ಕೆ ಕೊರಗುತ್ತಾರೆ. "ಹಾರೋದು ಯಾವಾಗ್ರಿ?" ಎಂದು ಯಾರಾದರೂ ಕೇಳಿದರೋ, ಸಾಬರು ರೆಕ್ಕೆಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ, "ಇಲ್ಲೊಂದು ಸುಕ್ಕು ಐತ್ರಿ" ಎಂದು ದೊಡ್ಡ ದನಿಯಲ್ಲಿ ಸಾರಿ, ಬಟ್ಟೆಯನ್ನು ಪರಪರ ಹರಿದು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಮೊನ್ನೆಯೂ ಹಾಗೇ ಹರಿದರು. ನನಗಂತೂ ಎಳ್ಳಷ್ಟು ಸುಕ್ಕೂ ಕಂಡಿರಲಿಲ್ಲ. "ಎಲ್ಲಿತ್ರಿ ಸುಕ್ಕು?" ಎಂದೆ. ಅವರು ಅಡುಗೆಮನೆಯ ಕಡೆ ಕಿವಿಗೊಟ್ಟು ನಿಂತರು. ಅವರ ಹೆಂಡತಿ ಹಜರತಬಿ ರೊಟ್ಟಿ ಬಡಿಯತೊಡಗಿದ ಸದ್ದು ಕೇಳಿದ ಮೇಲೆಯೇ ಸಾಬರು ನಿರಾಳವಾಗಿ ಉಸಿರು ಬಿಟ್ಟದ್ದು. "ರೆಕ್ಕಿ ಮುಗೀತು ಅಂದ್ರ ಹೆದರಿಕಿಗೆ ಅಕಿ ಊಟಾ ಬಿಡ್ತಾಳ್ರಿ" ಎಂದರು ಮೆಲ್ಲಗೆ, "ಸುಕ್ಕು ಐತಿ ಅಂದ್ರ ಹೊಟ್ಟಿತುಂಬ ಉಣ್ತಾಳ."